ಒಮಾನಿನ ಮನೆಗಳಲ್ಲಿ ಒಣಸೊಪ್ಪು

ಒಮಾನಿನಂತಹ ಉರಿಬಿಸಿಲಿನ ನಾಡಿನಲ್ಲಿ ಸೊಪ್ಪನ್ನು ಒಣಗಿಸಲು ಬಿಸಿಲೊಂದಿದ್ದರೆ ಸಾಕೆಂಬ ನಂಬಿಕೆ ಸಾಮಾನ್ಯವಾದರೂ, ಮಸ್ಕತ್ತಿನ ಕರಾವಳಿಯಲ್ಲಿ ಅದು ಅರ್ಧ ಮಾತ್ರ ನಿಜ. ಎಲೆಯ ತೂಕದಲ್ಲಿ ಶೇಕಡಾ 85ರಿಂದ 90ರಷ್ಟು ನೀರೇ ಇರುತ್ತದೆ. ಅದನ್ನು ಹೊರಕ್ಕೆ ಸೆಳೆದುಕೊಳ್ಳಬೇಕಾದದ್ದು ಸುತ್ತಲಿನ ಗಾಳಿ. ಗಾಳಿ ಆಯಾ ಉಷ್ಣಾಂಶದಲ್ಲಿ ಹಿಡಿದಿಡಬಲ್ಲಷ್ಟು ನೀರಾವಿಯಲ್ಲಿ ಎಷ್ಟು ಭಾಗವನ್ನು ಆಗಲೇ ಹೊತ್ತಿದೆ ಎಂಬ ಅಳತೆಗೆ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಅದು ಶೇಕಡಾ 60ನ್ನು ಮೀರಿದರೆ ಎಲೆ ಗರಿಗರಿಯಾಗುವ ಬದಲು ಮೆತ್ತಗೆ ಬಾಡಿ, ಕಪ್ಪಾಗಿ, ಬೂಷ್ಟು ಹಿಡಿಯುವ ಸಂಭವವೇ ಹೆಚ್ಚು. ಬೇಸಿಗೆಯಲ್ಲಿ ಮಸ್ಕತ್ತಿನ ಸಮುದ್ರದಂಚಿನ ರಾತ್ರಿಗಳು ಇಂಥವೇ ಆಗಿರುವುದರಿಂದ, ಹಗಲೆಲ್ಲ ಒಣಗಿದ ಮೆಂತೆಸೊಪ್ಪು ಬೆಳಗಾಗುವುದರೊಳಗೆ ಮತ್ತೆ ತೇವ ಕುಡಿದಿರುತ್ತದೆ.

ಒಣಗಿಸುವ ವಿದ್ಯೆ ಈ ನೆಲಕ್ಕೆ ಹೊಸತೇನಲ್ಲ. ಮಬ್ಸಲಿ ತಳಿಯ ಹಸಿ ಖರ್ಜೂರವನ್ನು ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ ಬಯಲಿನಲ್ಲಿ ಹರಡಿ ಒಣಗಿಸುವ ‘ತಬ್ಸೀಲ್’ ಎಂಬ ಕೆಲಸ ಬಿದಿಯಾದಂತಹ ಒಳನಾಡಿನ ಮರಳುಸೀಮೆಯಲ್ಲಿ ಇಂದಿಗೂ ನಡೆಯುತ್ತದೆ. ಹಾಗೆ ಸಿದ್ಧವಾದ ಉತ್ತತ್ತಿ ಬಹುಕಾಲದಿಂದ ಭಾರತದ ಅಂಗಡಿಗಳಿಗೆ ಬರುತ್ತಿದೆ. ಅತ್ತ ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಂಗಾರಿ ಹೊಲದ ಕಡಲೆಸೊಪ್ಪನ್ನು ಒಣಗಿಸಿಟ್ಟು ಬೇಸಿಗೆಯಲ್ಲಿ ಪಲ್ಯಕ್ಕೆ ಬಳಸುವ ರೂಢಿಯಿದೆ. ಈ ಎರಡರ ಹಿಂದೆಯೂ ಇರುವುದು ಒಣಹವೆಯ ಬಲವೇ ಹೊರತು ಬರಿಯ ಬಿಸಿಲಲ್ಲ.

ಮಸ್ಕತ್ತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅನುಕೂಲವಾದ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲ. ಬಾತಿನಾ ಬಯಲಿನ ತೋಟಗಳ ಸೊಪ್ಪು ಮಾರುಕಟ್ಟೆಗೆ ಧಾರಾಳವಾಗಿ ಬರುವುದೂ ಆಗಲೇ. ಬಾಲ್ಕನಿಯ ಕಂಬಿಯ ಮೇಲೆ ಕಾಣುವಂತೆ ಬಟ್ಟೆ ಒಣಹಾಕುವುದಕ್ಕೇ ನಗರಪಾಲಿಕೆಯ ಆಕ್ಷೇಪವಿರುವ ಊರಿನಲ್ಲಿ, ಧೂಳಿಗೂ ಬಿಸಿಲಿಗೂ ಸೊಪ್ಪನ್ನು ಒಡ್ಡುವ ಬದಲು ಮನೆಯೊಳಗೇ ಒಣಗಿಸುವುದು ಜಾಣತನ. ಏರ್ ಕಂಡಿಷನರ್ ಕೋಣೆಯ ಗಾಳಿಯ ತೇವವನ್ನು ನೀರಾಗಿಸಿ ಹೊರಹಾಕುವುದರಿಂದ, ತೊಳೆದು ನೀರು ಬಸಿದ ಎಲೆಗಳನ್ನು ಹತ್ತಿಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ ಫ್ಯಾನ್ ಹಾಕಿದರೆ, ಬೇಸಿಗೆಯಲ್ಲಿ ಹೊರಗೆ ಸಿಗದ ಒಣಗಾಳಿ ಒಳಗೇ ಸಿಗುತ್ತದೆ. ನೆರಳಿನಲ್ಲಿ ಒಣಗಿದ ಎಲೆಗೆ ಇನ್ನೊಂದು ಲಾಭವೂ ಉಂಟು: ದೇಹದಲ್ಲಿ ವಿಟಮಿನ್ ‘ಎ’ ಆಗಿ ಮಾರ್ಪಡುವ ಕ್ಯಾರೋಟಿನ್ ನೇರ ಬಿಸಿಲಿಗೆ ಬೇಗ ನಾಶವಾಗುತ್ತದೆ, ನೆರಳಿನಲ್ಲಿ ಅದರ ಹೆಚ್ಚು ಪಾಲು ಉಳಿಯುತ್ತದೆ. ವಿಟಮಿನ್ ‘ಸಿ’ಯಂತೂ ಯಾವ ಬಗೆಯಲ್ಲಿ ಒಣಗಿಸಿದರೂ ಬಹುಪಾಲು ಹೋಗುತ್ತದೆ, ಕಬ್ಬಿಣ, ಸುಣ್ಣ, ನಾರು ಉಳಿಯುತ್ತವೆ.

ಎಲ್ಲ ಸೊಪ್ಪಿಗೂ ಒಂದೇ ವಿಧಾನ ಹೊಂದುವುದಿಲ್ಲ. ಪಾಲಕ್, ನುಗ್ಗೆ ಮುಂತಾದವುಗಳನ್ನು ಎರಡು ಮೂರು ನಿಮಿಷ ಹಬೆಯಲ್ಲಿಟ್ಟು ತೆಗೆದರೆ, ಬಣ್ಣವನ್ನೂ ರುಚಿಯನ್ನೂ ಕೆಡಿಸುವ ಕಿಣ್ವಗಳು, ಅಂದರೆ ಎಲೆಯೊಳಗಿನ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನುಗಳು, ನಿಷ್ಕ್ರಿಯವಾಗುತ್ತವೆ. ಮೆಂತೆ, ಪುದೀನ, ಕರಿಬೇವುಗಳಿಗೆ ಹಬೆ ತಾಗಿಸಿದರೆ ಅವುಗಳ ಪರಿಮಳದ ಎಣ್ಣೆಯೇ ಹಾರಿಹೋಗುವುದರಿಂದ ಹಾಗೆಯೇ ಒಣಗಿಸುವುದು ಮೇಲು. ಬಸಳೆಯ ದಪ್ಪ ಲೋಳೆಯೆಲೆಯನ್ನು ಈ ಗೊಡವೆಗೆ ತರದಿರುವುದೇ ಒಳ್ಳೆಯದು.

ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಖರೀಫ್ ಎಂಬ ಮಳೆಗಾಲದ ತುಂತುರು ಕವಿಯುವ, ದಕ್ಷಿಣ ಒಮಾನಿನ ಸಲಾಲದಲ್ಲಿ ಫ್ಯಾನ್ ಗಾಳಿಯೂ ಸಾಲದು. ಅಲ್ಲಿ ಓವನ್ನನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು, ಆವಿ ಹೊರಹೋಗುವಂತೆ ಬಾಗಿಲನ್ನು ತುಸು ತೆರೆದಿಡಬೇಕು. ತೇವದ ಗಾಳಿಯೂ ಬಿಸಿಯಾದಂತೆ ಇನ್ನಷ್ಟು ನೀರಾವಿಯನ್ನು ಹೊರುವ ಶಕ್ತಿ ಪಡೆಯುತ್ತದೆ.

ಬೆರಳಲ್ಲಿ ಹಿಸುಕಿದಾಗ ಎಲೆ ಬಾಗದೆ ಪುಡಿಯಾದರೆ ಒಣಗಿದೆ ಎಂದರ್ಥ. ಆದರೂ ಒಳದಂಟಿನಲ್ಲಿ ತೇವ ಉಳಿದಿರಬಹುದಾದ ಕಾರಣ, ಗಾಜಿನ ಭರಣಿಯಲ್ಲಿ ತುಂಬಿ ಒಂದು ವಾರ ದಿನವೂ ಅಲುಗಾಡಿಸಿ ನೋಡಬೇಕು. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದರೆ ಸೊಪ್ಪನ್ನು ಹೊರತೆಗೆದು ಮತ್ತೊಮ್ಮೆ ಒಣಗಿಸಬೇಕು, ಬೂಷ್ಟು ಕಂಡರೆ ಇಡೀ ಭರಣಿಯನ್ನೇ ಚೆಲ್ಲಬೇಕು.