ಹರಿದ ಲಿಗಮೆಂಟಿಗೆ ರೋಬೋಟೇ ಬೇಕೆ?

ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಮಗ್ಗೆ ಕಡೆಯ ತೋಟಗಳ ಇಳಿಜಾರಿನಲ್ಲಿ ಪಾದ ಕೆಸರಲ್ಲಿ ಹೂತು ಮೈ ಇನ್ನೊಂದು ಕಡೆ ತಿರುಗಿದರೆ ಸಾಕು, ಮಂಡಿಯೊಳಗೆ ‘ಟಕ್’ ಎನ್ನುತ್ತದೆ. ಸಂಜೆಯೊಳಗೆ ಊದಿಕೊಳ್ಳುತ್ತದೆ. ಕಬಡ್ಡಿ ಆಡುವ ಹುಡುಗರಿಗೂ ಇದೇ ಪಾಡು. ಹೀಗಾದಾಗ ಬಹಳ ಸಲ ಹರಿದಿರುವುದು ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್. ಆಗ ನೆಂಟರ ಸಲಹೆ ಶುರು: “ಬೆಂಗಳೂರಲ್ಲಿ ರೋಬೋಟೇ ಆಪರೇಷನ್ ಮಾಡುತ್ತಂತೆ, ಸಾಲ ಮಾಡಿಯಾದರೂ ಹೋಗಿ.”

ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಅದು ಸರ್ಜನ್ ನಡೆಸುವ ಉಪಕರಣ. ಮಂಡಿಯ ವಿಷಯದಲ್ಲಿ ಅದರ ಬಳಕೆ ಹೆಚ್ಚಾಗಿ ಸವೆದ ಕೀಲು ಬದಲಿಸುವಾಗ, ಮೂಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಲು. ಲಿಗಮೆಂಟಿನ ಕೆಲಸವೇ ಬೇರೆ. ಹರಿದ ಎಸಿಎಲ್ಲನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ನಾರಿನಂಥ ಸ್ನಾಯುರಜ್ಜು ತೆಗೆದು, ತೊಡೆಮೂಳೆ, ಕಣಕಾಲ ಮೂಳೆ ಎರಡರಲ್ಲೂ ಸುರಂಗ ಕೊರೆದು, ಅದರೊಳಗೆ ಎಳೆದು ಬಿಗಿಯುತ್ತಾರೆ. ಸುರಂಗ ಕೆಲವೇ ಮಿಲಿಮೀಟರ್ ಆಚೀಚೆ ಆದರೂ ಕಷ್ಟ. ಅದನ್ನು ರೋಬೋಟಿನಿಂದ ಕೊರೆಸುವ ಪ್ರಯತ್ನ ಎರಡು ದಶಕಗಳ ಹಿಂದೆಯೇ ಜರ್ಮನಿಯಲ್ಲಿ ನಡೆದಿತ್ತು. ಇವತ್ತಿಗೂ ವಾಡಿಕೆಯಲ್ಲಿರುವುದು ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವ ಆರ್ತ್ರೋಸ್ಕೋಪಿಯೇ.

ಹರಿದವರಿಗೆಲ್ಲ ಆಪರೇಷನ್ ಆಗಲೇಬೇಕು ಎಂಬುದೂ ನಿಜವಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 121 ಯುವಜನರಿದ್ದರು. ಅವರಲ್ಲಿ 59 ಮಂದಿ ವ್ಯಾಯಾಮದಿಂದ ಶುರು ಮಾಡಿದರು. ಎರಡು ವರ್ಷದೊಳಗೆ ಆಪರೇಷನ್ ಬೇಕಾದದ್ದು 23 ಮಂದಿಗೆ ಮಾತ್ರ. ಮೊದಲೇ ಮಾಡಿಸಿಕೊಂಡವರಿಗಿಂತ ಈ ಗುಂಪಿನ ಸ್ಥಿತಿ ಕೆಟ್ಟದಾಗಿರಲಿಲ್ಲ. ಆದರೆ ಇಳಿಜಾರಿನಲ್ಲಿ ಮಂಡಿ ಪದೇಪದೇ ಹೊರಳುತ್ತಿದ್ದರೆ, ಮಡಚಿದ್ದು ಬಿಚ್ಚಲಾಗದೆ ಸಿಕ್ಕಿಕೊಳ್ಳುತ್ತಿದ್ದರೆ ತಡ ಮಾಡಬಾರದು.

ನನಗೆ ಹೆಚ್ಚು ಆತಂಕ ಹುಟ್ಟಿಸುವ ನಂಬಿಕೆ ಇನ್ನೊಂದು: ಯಂತ್ರ ಮಾಡಿದರೆ ಮೂರೇ ತಿಂಗಳಲ್ಲಿ ಅಂಗಳಕ್ಕಿಳಿಯಬಹುದು ಎಂಬುದು. ಕೂರಿಸಿದ ನಾರು ಮೊದಲ ತಿಂಗಳುಗಳಲ್ಲಿ ಇನ್ನಷ್ಟು ದುರ್ಬಲವಾಗಿ, ಆಮೇಲೆ ನಿಧಾನವಾಗಿ ಲಿಗಮೆಂಟಾಗಿ ಮಾರ್ಪಡುತ್ತದೆ. ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಕ್ರಿಕೆಟಿಗ ರಿಷಭ್ ಪಂತ್ ಅವರಿಗೆ ಅಪಘಾತದ ನಂತರ 2023ರ ಜನವರಿಯಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಕಸರತ್ತು ಮಾಡಿ ಅವರು ಪಂದ್ಯಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ. ಅವರಿಗೇ ಅಷ್ಟು ಕಾಲ ಬೇಕಾಯಿತು.

ಊದಿದ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ, ಅದರಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಯಂತ್ರದ ಹೆಸರು ವಿಚಾರಿಸುವ ಬದಲು ಇಷ್ಟು ಕೇಳಿ: ವರ್ಷಕ್ಕೆ ಎಷ್ಟು ಎಸಿಎಲ್ ಆಪರೇಷನ್ ಮಾಡುತ್ತೀರಿ? ಆಮೇಲಿನ ವ್ಯಾಯಾಮ ಯಾರು ಹೇಳಿಕೊಡುತ್ತಾರೆ? ಅದನ್ನು ಹಾಸನದಲ್ಲೇ ಮುಂದುವರಿಸಬಹುದೇ?