ಕಳೆದುಹೋಯಿತೋ, ಕಳೆದುಕೊಂಡೆನೋ?

ಮಗುವಿನ ಮೆಚ್ಚಿನ ಬೊಂಬೆ ಕಾಣದಾದಾಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಬೊಂಬೆ ಕಳೆದುಹೋಯಿತು" ಎಂದು ಮಗು ಅಳುತ್ತದೆ. "ಎಲ್ಲಿ ಕಳೆದೆ?" ಎಂದು ಹಿರಿಯರು ಗದರುತ್ತಾರೆ. ಮೊದಲ ಮಾತಿನಲ್ಲಿ ಬೊಂಬೆ ತಾನಾಗಿಯೇ ಎದ್ದು ನಡೆದಂತಿದೆ; ಎರಡನೆಯದರಲ್ಲಿ ಮಗುವಿನ ದುಃಖಕ್ಕೆ ಎಡೆಯೇ ಇಲ್ಲ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಇವೆರಡರ ನಡುವಿನ ಇನ್ನೊಂದು ರೂಪ ಹಿತವೆನಿಸುತ್ತದೆ: "ಕಳೆದುಕೊಂಡೆ". ಇಲ್ಲಿ 'ಕೊಳ್ಳು' ಎಂಬುದು ಕ್ರಿಯೆಯ ಫಲವನ್ನು ಮಾಡಿದವನ ಕಡೆಗೇ ತಿರುಗಿಸುತ್ತದೆ. ಹೊಣೆಯೂ ನನ್ನದು, ನಷ್ಟವೂ ನನ್ನದು. ಮಗುವನ್ನು ಈ ಮಾತಿನವರೆಗೆ ಕರೆತರುವುದು ಹೇಗೆ?

ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ, ಮಕ್ಕಳ ನೈತಿಕ ವಿವೇಚನೆಯನ್ನು ಕುರಿತ ತನ್ನ 1932ರ ಗ್ರಂಥದಲ್ಲಿ ಒಂದು ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಒಬ್ಬ ಹುಡುಗ ಬಾಗಿಲು ತೆರೆಯುವಾಗ, ಹಿಂದೆ ಇದ್ದುದನ್ನರಿಯದೆ 15 ಬಟ್ಟಲುಗಳನ್ನು ಒಡೆದ. ಇನ್ನೊಬ್ಬ ಕದ್ದು ಜಾಮ್ ತೆಗೆಯಹೋಗಿ ಒಂದನ್ನು ಒಡೆದ. ಯಾರದು ಹೆಚ್ಚಿನ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನನ್ನೇ ತೋರಿಸಿದರು. ಎಳೆಯ ಮನಸ್ಸು ತಪ್ಪನ್ನು ನಷ್ಟದ ಗಾತ್ರದಿಂದ ಅಳೆಯುತ್ತದೆ. ಅಂಥ ಮಗುವಿಗೆ "ಅದರ ಬೆಲೆ ಗೊತ್ತೇ?" ಎಂದು ಗದರಿದರೆ ಭಯ ಹುಟ್ಟೀತು, ಜತನ ಹುಟ್ಟದು. ಮುಂದಿನ ಸಲ ಅದು ನಷ್ಟವನ್ನು ಮುಚ್ಚಿಡಲು ಕಲಿಯುತ್ತದೆ.

ಆದ್ದರಿಂದ ಮೊದಲು ಅಳಲು ಬಿಡಬೇಕು. ಆಮೇಲೆ, "ಕೊನೆಗೆ ಎಲ್ಲಿ ಆಡಿದ್ದೆ ಕಂದಾ?" ಎಂದು ಕೇಳಿ, ಮಗುವನ್ನೇ ಮುಂದೆ ಬಿಟ್ಟು ಜೊತೆಯಲ್ಲಿ ಹುಡುಕಬೇಕು. ಸಿಗದಿದ್ದರೆ ಮರುದಿನವೇ ಚನ್ನಪಟ್ಟಣದ ಹೊಸ ಬೊಂಬೆ ತರುವುದು ಬೇಡ. ಕೆಲವು ದಿನ ಆ ಕೊರತೆ ಇರಲಿ. ಸಿಹಿತಿಂಡಿ ತಪ್ಪಿಸುವ ದಂಡನೆಗೂ ಬೊಂಬೆಗೂ ಸಂಬಂಧವಿಲ್ಲ; ಈ ಕೊರತೆಗೆ ಉಂಟು. ಉಳಿದ ಆಟಿಕೆಗಳನ್ನು ದೀಪ ಹಚ್ಚುವ ಹೊತ್ತಿಗೆ ಎಣಿಸಿ ಬುಟ್ಟಿಗೆ ಹಾಕುವ ಕೆಲಸವನ್ನು ಮಗುವಿಗೇ ವಹಿಸಬಹುದು.

ಆದರೆ ಎರಡು ವರ್ಷದ ಕೂಸು ತಬ್ಬಿ ಮಲಗುವ ಬಟ್ಟೆಬೊಂಬೆಯ ಮಾತು ಬೇರೆ. ಅದು ತಾಯಿಯ ಮಡಿಲಿಗೂ ಹೊರಜಗತ್ತಿಗೂ ನಡುವಣ ಆಸರೆಯೆಂದು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1951ರಲ್ಲಿ ವಿವರಿಸಿದ. ಅಲ್ಲಿ ಸಾಂತ್ವನವೊಂದೇ ಸಾಕು.

ಕಚೇರಿಗಳಲ್ಲಿ "ಕಡತ ಕಳೆದುಹೋಗಿದೆ" ಎಂಬ ಉತ್ತರವನ್ನು ನಾವೆಲ್ಲ ಕೇಳಿದ್ದೇವೆ. "ಕಳೆದುಕೊಂಡೆ, ಹುಡುಕಿಕೊಡುತ್ತೇನೆ" ಎನ್ನುವವರು ವಿರಳ. ಆ ಮಾತಿನ ಅಭ್ಯಾಸ ಬೊಂಬೆಯ ವಯಸ್ಸಿನಲ್ಲೇ ಆಗಬೇಕು.