‘ನಮ್ಮ ಕ್ಷೇತ್ರದ ಸರ್ವೆ ಬಂದಿದೆ’ ಎಂಬ ಫಾರ್ವರ್ಡ್ ನಂಬಬಹುದೇ?

ಉಪಚುನಾವಣೆ ಘೋಷಣೆಯಾದರೆ ಸಾಕು, ವಾಟ್ಸಾಪ್ ಗುಂಪುಗಳಿಗೆ ‘ಸರ್ವೆ’ಗಳು ಬರತೊಡಗುತ್ತವೆ. ‘ಇಂಡಿಯಲ್ಲಿ ಇವರಿಗೆ ಇಷ್ಟು ಲೀಡ್, ಸಿಂದಗಿಯಲ್ಲಿ ಅವರಿಗೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಲ್ಲಿ ಸಮಬಲ’ ಎಂದು ಪಟ್ಟಿ ಇರುತ್ತದೆ. ಕೆಳಗೆ ‘ಗುಪ್ತ ವರದಿ, ಎಲ್ಲರಿಗೂ ಕಳಿಸಿ’ ಎಂಬ ಸಾಲು. ಯಾರು ಸಮೀಕ್ಷೆ ಮಾಡಿದರು, ಯಾರನ್ನು ಕೇಳಿದರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಇಂಥ ಅಂಕಿಗಳು ಎಷ್ಟು ನಿಜ? ನಮ್ಮದೇ ಭಾಗದ ಚುನಾವಣೆಗಳನ್ನು ಇಟ್ಟುಕೊಂಡು ನೋಡೋಣ.

ಎಷ್ಟು ಜನ ಅಲ್ಲ, ಯಾವ ಜನ?

ಫಾರ್ವರ್ಡ್‌ಗಳಲ್ಲಿ ‘50 ಸಾವಿರ ಜನರ ಅಭಿಪ್ರಾಯ’ ಎಂದಿದ್ದರೆ ನಮಗೆ ತಟ್ಟನೆ ನಂಬಿಕೆ ಬರುತ್ತದೆ. ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಮೀಕ್ಷೆ ಸರಿಯಾಗುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ಅದು ನಿಜ, ಆದರೆ ಇಡೀ ಪಾತ್ರೆಗೆ ಒಂದೇ ಉರಿ ತಾಗಿದ್ದಾಗ ಮಾತ್ರ. ಕ್ಷೇತ್ರ ಹಾಗಿರುವುದಿಲ್ಲ. ಲಿಂಬೆ ಚೀಲದ ಮೇಲಿನ ನಾಲ್ಕು ಕಾಯಿ ನೋಡಿ ಇಡೀ ಚೀಲಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ, ತಳದಿಂದಲೂ ತೆಗೆದು ನೋಡುತ್ತಾರೆ. ಸಮೀಕ್ಷೆಗೂ ಇದೇ ನಿಯಮ.

1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ಪತ್ರಿಕೆ ಹೆಸರುಗಳನ್ನು ಆರಿಸಿದ್ದು ಮುಖ್ಯವಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆ ಕಷ್ಟದ ವರ್ಷಗಳಲ್ಲಿ ಅವೆರಡೂ ಇದ್ದವರು ಉಳ್ಳವರು. ಜೊತೆಗೆ, ಉತ್ತರ ಬರೆದು ಕಳಿಸಿದವರ ಒಲವು ಸುಮ್ಮನಿದ್ದವರ ಒಲವಿಗಿಂತ ಬೇರೆಯಾಗಿತ್ತು.

ವಾಟ್ಸಾಪ್ ಪೋಲ್‌ನಲ್ಲೂ ಇದೇ ತೊಂದರೆ. ಗುಂಪಿನಲ್ಲಿರುವವರು ಹೆಚ್ಚಾಗಿ ಒಬ್ಬರಿಗೊಬ್ಬರು ಪರಿಚಯದವರು. ಬೇರೆ ಕ್ಷೇತ್ರದವರೂ ಬಟನ್ ಒತ್ತಬಹುದು. ಯಾರು ಯಾವುದಕ್ಕೆ ಒತ್ತಿದರು ಎಂಬುದು ಸಾಮಾನ್ಯವಾಗಿ ಉಳಿದವರಿಗೂ ಕಾಣುತ್ತದೆ. ಊರ ಗೌಡರು, ಸೋದರಮಾವ ಎಲ್ಲ ಇರುವ ಗುಂಪಿನಲ್ಲಿ ಮನಸ್ಸಿನ ಮಾತು ಹೇಳುವವರು ಎಷ್ಟು ಮಂದಿ? ಸ್ವಂತ ಫೋನ್ ಇಲ್ಲದ ಹೆಣ್ಣುಮಕ್ಕಳು, ದುಡಿಯಲು ಗೋವಾ, ಪುಣೆ, ಬೆಂಗಳೂರಿಗೆ ಹೋದವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಅವರಿಗೂ ಮತ ಇದೆ.

ಒಂದೇ ಜಿಲ್ಲೆ, ಎರಡು ತೀರ್ಪು

ವಿಜಯಪುರ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆ. ಇಂಡಿ, ಸಿಂದಗಿ ಭೀಮಾ ನದಿಯ ಕಡೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೃಷ್ಣೆಯ ಕಡೆ. ನೀರಾವರಿ, ಬೆಳೆ, ಜಾತಿ ಲೆಕ್ಕ, ನಾಯಕರು ಎಲ್ಲವೂ ಬೇರೆ ಬೇರೆ. ಒಂದು ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಕೇಳಿದ ಮಾತು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಹೋಗಲಿ, ಕಳೆದ ಸಲದ ಫಲಿತಾಂಶ ನೋಡಿ ಹೇಳಬಹುದಲ್ಲವೇ? ಅದೂ ಕಷ್ಟ. ಮೇ 2023ರ ವಿಧಾನಸಭಾ ಚುನಾವಣೆಯಲ್ಲಿ ಈ 8ರಲ್ಲಿ 6 ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಅದರಲ್ಲಿದ್ದವು. ಸರಿಯಾಗಿ ಒಂದು ವರ್ಷದ ನಂತರ, ಮೇ 2024ರಲ್ಲಿ, ಅದೇ ಮತದಾರರು ಲೋಕಸಭೆಗೆ ಮತ ಹಾಕಿದಾಗ ಬಿಜೆಪಿಯ ರಮೇಶ ಜಿಗಜಿಣಗಿ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಶಾಸಕರನ್ನು ಆರಿಸುವಾಗಿನ ಮನಸ್ಸು ಬೇರೆ, ಸಂಸದರನ್ನು ಆರಿಸುವಾಗಿನ ಮನಸ್ಸು ಬೇರೆ.

ಸಿಂದಗಿಯದ್ದು ಇನ್ನೂ ಸ್ವಾರಸ್ಯ. 2018ರಲ್ಲಿ ಅಲ್ಲಿ ಗೆದ್ದವರು ಜೆಡಿಎಸ್‌ನ ಎಂ.ಸಿ. ಮನಗೂಳಿ. ಅವರ ನಿಧನದಿಂದ 30 ಅಕ್ಟೋಬರ್ 2021ರಂದು ಉಪಚುನಾವಣೆ ನಡೆಯಿತು. ಬಿಜೆಪಿಯ ರಮೇಶ ಭೂಸನೂರ 31,185 ಮತಗಳಿಂದ ಗೆದ್ದರು. ಕಾಂಗ್ರೆಸ್‌ನಿಂದ ನಿಂತಿದ್ದ ಮನಗೂಳಿಯವರ ಮಗ ಅಶೋಕ ಮನಗೂಳಿ ಸೋತರು. 2023ರಲ್ಲಿ ಅದೇ ಅಶೋಕ ಮನಗೂಳಿ ಗೆದ್ದರು. ಐದು ವರ್ಷದಲ್ಲಿ ಮೂರು ಪಕ್ಷ!

3 ಅಂಕದ ಆಟ

‘ಹಾಗಾದರೆ ಸರಿಯಾಗಿ ಮಾಡಿದ ಸಮೀಕ್ಷೆಯೂ ಸುಳ್ಳೇ?’ ಎಂದು ನೀವು ಕೇಳಬಹುದು. ಸುಳ್ಳಲ್ಲ, ಆದರೆ ಅದಕ್ಕೂ ಮಿತಿ ಇದೆ. ಮತದಾರರ ಪಟ್ಟಿಯಿಂದ ಯಾವ ಒಲವೂ ಇಲ್ಲದೆ, ಲಾಟರಿ ಎತ್ತಿದಂತೆ 1,000 ಜನರನ್ನು ಆರಿಸಿ ಕೇಳಿದರೂ, ಒಂದು ಪಕ್ಷಕ್ಕೆ ಬಂದ ಅಂಕಿ ಸುಮಾರು 3 ಅಂಕ ಮೇಲೆ ಕೆಳಗೆ ಆಗಬಹುದು. ಅಂದರೆ ಸಮೀಕ್ಷೆಯಲ್ಲಿ ಶೇ. 44 ಬಂದರೆ ನಿಜವಾದದ್ದು 41ರಿಂದ 47ರ ನಡುವೆ ಎಲ್ಲಿಯೂ ಇರಬಹುದು. ಇಬ್ಬರ ನಡುವಿನ ಅಂತರ ಲೆಕ್ಕ ಹಾಕುವಾಗ ಈ ತಪ್ಪು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಇದರ ಅರ್ಥ ತಿಳಿಯಲು ಪಕ್ಕದ ಬೆಳಗಾವಿಗೆ ಹೋಗೋಣ. ಸುರೇಶ ಅಂಗಡಿ ಅವರ ನಿಧನದ ನಂತರ 17 ಏಪ್ರಿಲ್ 2021ರಂದು ಅಲ್ಲಿ ಲೋಕಸಭಾ ಉಪಚುನಾವಣೆ ನಡೆಯಿತು. 2019ರಲ್ಲಿ ಅವರು ಗೆದ್ದ ಅಂತರ 3.9 ಲಕ್ಷ ಮತ. ಅದನ್ನು ನೋಡಿದವರಿಗೆ ಉಪಚುನಾವಣೆ ಏಕಪಕ್ಷೀಯ ಎನಿಸುವುದು ಸಹಜ. ಆದರೆ ಅವರ ಪತ್ನಿ, ಬಿಜೆಪಿಯ ಮಂಗಲಾ ಅಂಗಡಿ, ಕಾಂಗ್ರೆಸ್‌ನ ಸತೀಶ ಜಾರಕಿಹೊಳಿ ಎದುರು ಗೆದ್ದದ್ದು ಬರೀ 5,240 ಮತಗಳಿಂದ.

ಚಲಾವಣೆಯಾದ ಮತ ಸುಮಾರು 10 ಲಕ್ಷ. ಅಂತರ ಶೇ. ಅರ್ಧದಷ್ಟು ಮಾತ್ರ. ಇಷ್ಟು ಸಣ್ಣ ಅಂತರವನ್ನು ಮೊದಲೇ ಖಚಿತವಾಗಿ ಹಿಡಿಯಬೇಕಾದರೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸರಿಯಾಗಿ ಆರಿಸಿ ಕೇಳಬೇಕು. ಇಂಥ ಕಡೆ ಪ್ರಾಮಾಣಿಕ ಸಮೀಕ್ಷೆ ಹೇಳಬಹುದಾದ ಮಾತು ಒಂದೇ: ‘ಯಾರು ಬೇಕಾದರೂ ಗೆಲ್ಲಬಹುದು.’

ಜೊತೆಗೆ, ಉತ್ತರ ಕೊಟ್ಟವರೆಲ್ಲ ಮತಗಟ್ಟೆಗೆ ಹೋಗುತ್ತಾರೆ ಎಂಬ ಖಾತ್ರಿಯೂ ಇಲ್ಲ. ಕೊನೆಯ ರಾತ್ರಿ ಮನಸ್ಸು ಬದಲಿಸುವವರೂ ಇದ್ದಾರೆ.

ಫಾರ್ವರ್ಡ್ ಮಾಡಿದರೆ ನಷ್ಟ ಏನು?

‘ಗೆಲ್ಲೋರು ಗೊತ್ತಾಗಿದೆಯಲ್ಲ’ ಎಂದು ಒಬ್ಬರು ಮತಗಟ್ಟೆಗೆ ಹೋಗದೆ ಉಳಿದರೆ ಅದೇ ನಷ್ಟ. ಮತ ಹಾಕಲು ಪುಣೆಯಿಂದ ಇಂಡಿಗೆ ಬರುವವರು ಬಸ್ ಚಾರ್ಜ್ ಕೊಡಬೇಕು, ಒಂದೆರಡು ದಿನದ ಕೂಲಿ ಬಿಡಬೇಕು. ಫೋನಿನಲ್ಲಿ ‘ಒನ್ ಸೈಡ್’ ಎಂಬ ಸುದ್ದಿ ನೋಡಿದರೆ ಅವರು ಅಲ್ಲೇ ಉಳಿಯಬಹುದು. ಬೆಳಗಾವಿಯ 5,240 ಮತವನ್ನು ಅಲ್ಲಿನ 8 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಬರುವುದು 655. ಇದು ಕೆಲವೇ ಹಳ್ಳಿಗಳ ಮತ!

ಕಾನೂನಿನ ಮಾತೂ ಇದೆ. ಮತದಾನ ಮುಗಿಯುವ ಮುನ್ನಿನ 48 ಗಂಟೆಗಳಲ್ಲಿ ಚುನಾವಣಾ ಸಮೀಕ್ಷೆಯ ಫಲಿತಾಂಶವನ್ನು ಟಿವಿಯಂಥ ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿ ತೋರಿಸುವಂತಿಲ್ಲ. ಮತ ಹಾಕಿ ಬಂದವರನ್ನು ಕೇಳಿ ಮಾಡುವ ಎಕ್ಸಿಟ್ ಪೋಲ್‌ಗೆ ನಿಯಮ ಇನ್ನೂ ಬಿಗಿ. ಚುನಾವಣಾ ಆಯೋಗ ತಿಳಿಸಿದ ಅವಧಿಯಲ್ಲಿ ಅದನ್ನು ಮಾಡುವಂತಿಲ್ಲ, ಯಾವ ರೀತಿಯಲ್ಲೂ ಹರಡುವಂತಿಲ್ಲ. ಜನಪ್ರತಿನಿಧಿ ಕಾಯ್ದೆಯ 126ಎ ಕಲಂ ಪ್ರಕಾರ ಇದಕ್ಕೆ 2 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಇದೆ.

ಕಳಿಸುವ ಮುನ್ನ ಐದು ಪ್ರಶ್ನೆ

1. ಸಮೀಕ್ಷೆ ಮಾಡಿದವರ ಹೆಸರಿದೆಯೇ? ಅವರದೇ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆಯೇ?
2. ದುಡ್ಡು ಕೊಟ್ಟು ಮಾಡಿಸಿದವರು ಯಾರು?
3. ಎಷ್ಟು ಜನರನ್ನು, ಯಾವ ತಾಲ್ಲೂಕುಗಳಲ್ಲಿ, ಹೇಗೆ ಆರಿಸಿದರು?
4. ಯಾವ ದಿನಗಳಲ್ಲಿ ಕೇಳಿದ್ದು? ಅಭ್ಯರ್ಥಿಗಳ ಹೆಸರು ಅಷ್ಟರಲ್ಲಿ ಅಂತಿಮವಾಗಿತ್ತೇ?
5. ಎಷ್ಟು ಅಂಕ ಹೆಚ್ಚುಕಡಿಮೆ ಆಗಬಹುದೆಂದು ಹೇಳಿದ್ದಾರೆಯೇ?

ಐದಕ್ಕೂ ಉತ್ತರ ಸಿಗದ ‘ಸರ್ವೆ’ ಸಮೀಕ್ಷೆಯಲ್ಲ, ಪ್ರಚಾರ. ಅದು ನಿಮ್ಮ ಮೆಚ್ಚಿನ ಪಕ್ಷವೇ ಗೆಲ್ಲುತ್ತದೆ ಎಂದು ಹೇಳುತ್ತಿದ್ದರೂ ಅಷ್ಟೇ. ಅಂಥದ್ದನ್ನು ಮುಂದಕ್ಕೆ ಕಳಿಸಬೇಡಿ. ಬದಲಿಗೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಅನುಮಾನವಿದ್ದರೆ 1950ಕ್ಕೆ ಕರೆ ಮಾಡಿ. ಊರಿನಿಂದ ಹೊರಗಿರುವ ನಿಮ್ಮವರಿಗೂ ಮತದಾನದ ದಿನಾಂಕ ತಿಳಿಸಿ.